ಅತ್ತೆಯ ಹೆಸರಿನ ಕಲ್ಲು

ಗಿರಿಜಾ, ಆ ಕಲ್ಲನ್ನು ನಾನು ಗುಡ್ಡದ ತುದಿಯಲ್ಲಿ ಇಡಲಿಲ್ಲ. ತುದಿಯನ್ನು ನೋಡಲೂ ಇಲ್ಲ. ಇಷ್ಟು ವರ್ಷ ಹೇಳಿದ್ದೆಲ್ಲ ಸುಳ್ಳು.

ತೊಂಬತ್ತರ ದಶಕದ ಕೊನೆ. ನಾನಾಗ ಹಾಲೆಂಡಿನ ರೈಸ್‌ವೈಕ್‌ ಊರಿನ ಕಚೇರಿಯೊಂದರ ಕ್ಯಾಂಟೀನಿನಲ್ಲಿ ಅಡುಗೆಯವ. ಧಾರವಾಡದಲ್ಲಿ ನಿನ್ನವ್ವ ತೀರಿಕೊಂಡರು. ನಮ್ಮ ವಾಸದ ಪರವಾನಗಿ ನವೀಕರಣಕ್ಕೆ ಹೋಗಿತ್ತು — ಅವರ ಮಣ್ಣಿಗೆ ನಿನಗೆ ಹೋಗಲಾಗಲಿಲ್ಲ. ಮಂಕಾಗಿ ಕೂತವಳನ್ನು, ಪರವಾನಗಿ ಕೈಗೆ ಬಂದ ಮೇಲೆ, ಬೇಸಿಗೆಯಲ್ಲಿ ಸ್ಕಾಟ್ಲೆಂಡಿಗೆ ಕರೆದೊಯ್ದೆ. ನಾವು ಇಳಿದಿದ್ದ ಮನೆಯ ಮುದುಕಿ ಹೇಳಿದಳು: ಸರೋವರದ ಮೇಲಿನ ಗುಡ್ಡಕ್ಕೆ ಹೆಚ್ಚು ಜನ ಹೋಗುವುದಿಲ್ಲ, ಹೋದವರು ಸತ್ತವರ ನೆನಪಿಗೆ ತುದಿಯ ಕಲ್ಲುಗುಪ್ಪೆಯಲ್ಲಿ ಒಂದು ಕಲ್ಲಿಟ್ಟು ಬರುತ್ತಾರೆ.

ನೀನು ದಂಡೆಯಲ್ಲಿ ಕಲ್ಲೊಂದನ್ನು ಆರಿಸಿ, ತೊಳೆದು, ವಿಭೂತಿ ಎಳೆದೆ. ಏರಿನಲ್ಲಿ ನನಗೆ ಏದುಸಿರು.

"ಸಪಾಟ ನೆಲದಾಗ ಸೈಕಲ್ ತುಳದು ತುಳದು ಗುಡ್ಡ ಹತ್ತೂದ ಮರತೀರಿ!"

ತಿಂಗಳುಗಳ ಮೇಲೆ ನೀನು ನಕ್ಕಿದ್ದು ಅದೇ ಮೊದಲು. ಅರ್ಧದಾರಿಯಲ್ಲಿ ನಿನ್ನ ಮೊಣಕಾಲು ಸೋತಿತು. ಕಲ್ಲನ್ನು ನನ್ನ ಕೈಗಿಟ್ಟೆ.

"ಅವ್ವನ್ನ ಎಲ್ಲಾರಕಿಂತ ಮ್ಯಾಲ ಕುಂಡ್ರಿಸಿ ಬರ್ರಿ."

ತಿರುವು ದಾಟಿದ ಮೇಲೆ ಮಂಜು ಇಳಿಯಿತು. ಕಾಲುದಾರಿ ಹುಲ್ಲಿನಲ್ಲಿ ಕರಗಿತು. ಹೆದರಿದೆ. ಹೆದರಿದ್ದನ್ನು ನಿನಗೆ ಹೇಳಬಹುದಿತ್ತು — ನೀನು ಇನ್ನೊಮ್ಮೆ ನಗುತ್ತಿದ್ದೆ, ಅಷ್ಟೇ. ನಾನು ಕಲ್ಲನ್ನು ಪೊದೆಯೊಂದರ ಬುಡದಲ್ಲಿಟ್ಟು, ತುದಿಗೆ ಹೋಗಿಬರುವಷ್ಟು ಹೊತ್ತು ಅಲ್ಲೇ ಕೂತು ಇಳಿದು ಬಂದೆ.

"ಇಟ್ಟ್ರ್ಯಾ?"

"ಇಟ್ಟೆ. ಎಲ್ಲಾರಕಿಂತ ಮ್ಯಾಲ."

"ಏನ ಕಾಣ್ತದ ಅಲ್ಲಿಂದ?"

ನೀರಿನ ನಡುವಿನ ನಡುಗಡ್ಡೆ, ಅಂಚಿನ ಬಿಳಿ ಮನೆಗಳು — ಮುದುಕಿಯ ಗೋಡೆಯ ಮೇಲಿನ ಚಿತ್ರವನ್ನೇ ಒಪ್ಪಿಸಿದೆ. ನೀನು ನನ್ನ ಅಂಗೈಗೆ ಹತ್ತಿದ್ದ ವಿಭೂತಿಯನ್ನು ಕಣ್ಣಿಗೊತ್ತಿಕೊಂಡೆ. ಆಗಲಾದರೂ ಬಾಯಿ ಬಿಡಬೇಕಿತ್ತು...

ಆಮೇಲೆ ಪಕ್ಕದೂರು ಡೆಲ್ಫ್ಟ್‌ನಲ್ಲಿ ಕನ್ನಡದವರು ಸೇರಿದ ಪ್ರತಿ ಊಟದಲ್ಲೂ ನಿನ್ನದು ಒಂದೇ ಮಾತು: "ನಮ್ಮವ್ವನ್ನ ನಮ್ಮನಿಯವರು ಗುಡ್ಡಕ್ಕ ಹೊತಗೊಂಡು ಹೋಗ್ಯಾರ." ನಾನು ತಲೆ ತಗ್ಗಿಸಿ ಹೋಳಿಗೆ ಬಡಿಸುತ್ತಿದ್ದೆ. ಜನ ಅದನ್ನು ವಿನಯವೆಂದುಕೊಂಡರು.

ಈಗ ನಿನ್ನ ಮೊಣಕಾಲಿನ ಶಸ್ತ್ರಚಿಕಿತ್ಸೆಯಾಗಿದೆ. ಅವ್ವನ ಕಲ್ಲನ್ನು ಒಮ್ಮೆ ಮುಟ್ಟಬೇಕೆಂದು ಮಗಳಿಂದ ಟಿಕೆಟ್ ತರಿಸಿದ್ದೀಯ. ಗುಪ್ಪೆಯಲ್ಲಿ ಯಾವುದೋ ಕಲ್ಲು ತೋರಿಸಿದರೆ ನೀನು ನಂಬುತ್ತೀಯ — ನನಗೆ ಗೊತ್ತು. ಅದಕ್ಕೇ ಬರೆದೆ.

ನಾಳೆ ಚಹಾ ಕುಡಿದಾದ ಮೇಲೆ ಇದನ್ನು ನಿನ್ನ ಕೈಗೆ ಕೊಡುತ್ತೇನೆ. ಓದಿ ಮುಗಿಸಿ, ನನ್ನನ್ನು ಬಿಟ್ಟು ಮಗಳ ಜೊತೆಗಷ್ಟೇ ಹೋಗುತ್ತೇನೆಂದು ನೀನು ಅಂದರೆ, ನಿನ್ನ ಚೀಲ ಹೊತ್ತು ಸ್ಟೇಷನ್ನಿನವರೆಗೆ ಮಾತ್ರ ಬರುತ್ತೇನೆ.