ತೊಟ್ಟಿಲ ದಿನ ಸಿಗದ ಅಕ್ಷರ

ಇಚಲಕರಂಜಿಯಲ್ಲಿ ಹಲ್ಲು ಕಟ್ಟಿಸಿಕೊಳ್ಳಲು ಬಂದವರು ನಮ್ಮಪ್ಪನ ಮುಖ ನೋಡಿ, ಹಲ್ಲು ತೋರಿಸುವ ಮೊದಲೇ ‘ನೀವು ಯಾವ ಕಡೀಯವ್ರಿ?’ ಎಂದು ಕೇಳುತ್ತಿದ್ದರು. ‘ಇಲ್ಲೇರಿ, ಇದ ಓಣ್ಯಾಗಿನಾಂವ’ ಎಂದು ಅವನು ಇಕ್ಕಳ ಎತ್ತಿದರೆ ಮುಂದೆ ಯಾರೂ ಮಾತಾಡುತ್ತಿರಲಿಲ್ಲ.

ಅಜ್ಜ ಚೀನಾದಿಂದ ಬಂದವನು. ಗಂಟು ಹೊತ್ತು ರೇಷ್ಮೆ ಮಾರುತ್ತ ಕೊಲ್ಲಾಪುರ ಸೇರಿ, ಅಲ್ಲೇ ತೀರಿಕೊಂಡ. ಅವ್ವ ಗಡಹಿಂಗ್ಲಜ ಕಡೆಯ ಕನ್ನಡದವಳು. ಹೀಗಾಗಿ ನನಗೆ ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ. ಅಪ್ಪನ ಮಾತು ಅಪ್ಪನೊಬ್ಬನಿಗೇ ಉಳಿದಿತ್ತು.

ಅಜ್ಜ ಬಿಟ್ಟುಹೋದದ್ದು ಒಂದು ಕೆಂಪು ಕಾಗದ. ಅದರಲ್ಲಿ ಇಪ್ಪತ್ತು ಚೀನೀ ಅಕ್ಷರ, ತಲೆಮಾರಿಗೊಂದು. ಆಯಾ ತಲೆಮಾರಿನ ಗಂಡುಮಕ್ಕಳ ಹೆಸರಲ್ಲಿ ಆಯಾ ಅಕ್ಷರ ಇರಲೇಬೇಕು. ಅಪ್ಪನಿಗೆ ಅಜ್ಜನದು, ತನ್ನದು ಗೊತ್ತು. ಮುಂದಿನದಕ್ಕೆ ಕಾಗದವನ್ನೇ ನೋಡಬೇಕು. ನಾನು ಹೆಣ್ಣು, ನನ್ನ ಹೆಸರಿಗೆ ಅದು ಬೇಕಾಗಿರಲಿಲ್ಲ. ಅದಕ್ಕೇ ಅದರ ಬೆಲೆ ತಿಳಿಯಲಿಲ್ಲ ಎಂದು ಈಗಲೂ ಸಮಾಧಾನ ಹೇಳಿಕೊಳ್ಳುತ್ತೇನೆ. ಸುಳ್ಳು ಸಮಾಧಾನ.

ಚೀನಾದ ಯುದ್ಧ ಮುಗಿದು ಹತ್ತು ವರ್ಷದ ಮೇಲಾಗಿದ್ದರೂ, ಚೀನೀಯನೆಂದು ಅಪ್ಪ ಠಾಣೆಗೆ ಹೋಗಿ ಸಹಿ ಹಾಕಿ ಬರಬೇಕಿತ್ತು. ಅವ್ವನ ತವರಿಗೆ ಹೋಗುವುದಕ್ಕೂ ಪರವಾನಗಿ. ಒಂದು ಮಧ್ಯಾಹ್ನ ಇಬ್ಬರು ಪೊಲೀಸರು ನಮ್ಮ ಮನೆ ಯಾವುದೆಂದು ಓಣಿಯಲ್ಲಿ ಕೇಳುವುದು ಕೇಳಿಸಿತು. ಅಪ್ಪ ಮುಂದಿನ ಕೋಣೆಯಲ್ಲಿ ಕೆಲಸ ಮಾಡುತ್ತಿದ್ದ. ಚೀನೀ ಅಕ್ಷರ ಕಂಡರೆ ಅವನನ್ನು ಹಿಡಿದುಕೊಂಡು ಹೋಗುತ್ತಾರೆಂದು ಹೆದರಿ, ಟ್ರಂಕಿನಿಂದ ಕಾಗದ ತೆಗೆದು ಬಚ್ಚಲೊಲೆಗೆ ಹಾಕಿಬಿಟ್ಟೆ. ಆಗ ನನಗೆ ಹನ್ನೊಂದು. ಹೊರಗೆ ಬಂದು ನೋಡಿದರೆ ಒಬ್ಬ ಪೊಲೀಸನ ದವಡೆ ಬಾತಿತ್ತು. ಪುಣ್ಯಾತ್ಮ ಹಲ್ಲು ಕೀಳಿಸಿಕೊಳ್ಳಲು ಬಂದಿದ್ದ.

ಯಾರಿಗೂ ಹೇಳಲಿಲ್ಲ. ನಾಲ್ಕು ತಿಂಗಳಿಗೆ ತಮ್ಮ ಹುಟ್ಟಿದ. ತೊಟ್ಟಿಲಿಗೆ ಹಾಕುವ ಹಿಂದಿನ ದಿನ ಅಪ್ಪ ಟ್ರಂಕು ಬರಿದು ಮಾಡಿ ಹುಡುಕಿದ. ಅವ್ವನ ಸೀರೆಗಳನ್ನೂ ಬಿಡಿಸಿ ಕೊಡವಿದ. ನೋಡಲಾಗದೆ ಹೇಳಿಬಿಟ್ಟೆ.

‘ಯಾಕ ಸುಟ್ಟೆವ್ವಾ?’

‘ನಿನ್ನ ಒಯ್ತಾರಂತ ಹೆದರಿಕಿ ಆತಪ್ಪಾ.’

ಹೊಡೆಯುತ್ತಾನೆಂದು ನಿಂತಿದ್ದೆ. ಹೊಡೆದಿದ್ದರೆ ಒಳ್ಳೆಯದಿತ್ತು. ಅವನು ಸೀರೆಗಳನ್ನು ಒಂದೊಂದಾಗಿ ಮಡಚಿ ಒಳಗಿಟ್ಟ.

ಮರುದಿನ ಸೋದರಮಾವ ಹೇಳಿದ ಹೆಸರನ್ನೇ ಇಟ್ಟರು. ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ಸೋದರತ್ತೆ, ಅಪ್ಪನಿಗೆ ಅಕ್ಕತಂಗಿಯರಿಲ್ಲ. ಪಕ್ಕದ ಮನೆಯವಳು ಹೇಳಿದಳು, ವಾಡಿಕೆಯಂತೆ ಹೆಂಗಸರು ನಗುತ್ತ ಅವಳ ಬೆನ್ನಿಗೆ ಗುದ್ದಿದರು. ಎಲ್ಲರೂ ಗುಗ್ಗರಿ ತಿನ್ನಲು ಕೂತಾಗ ಅಪ್ಪ ತೊಟ್ಟಿಲಿಗೆ ಬಗ್ಗಿ, ತನ್ನ ಮಾತಿನಲ್ಲಿ ಕೂಸಿಗೆ ಏನೋ ಹೇಳಿದ. ಅಕ್ಷರ ನೆನಪಾಯಿತೇನೋ ಎಂದು ನನಗೆ ಹೋದ ಜೀವ ಬಂದಂತಾಯಿತು.

‘ಅವನ ಹೆಸರು ಹೇಳಿದೇನಪ್ಪಾ?’

‘ಇಲ್ಲವ್ವಾ. ನಿನ್ನ ಹೆಸರು ನನಗ ಗೊತ್ತಿಲ್ಲೋ ಮಗನ, ಮಾಫ್ ಮಾಡು ಅಂದೆ.’