ನಳದ ಕಡೆಯವಳು

ಅಕ್ಕನ ನೆತ್ತಿಯ ಮೇಲೆ ಅಂಗೈಯಗಲ ಕೂದಲಿರಲಿಲ್ಲ. ಸಿಂಬೆ ಇಟ್ಟು ಇಟ್ಟಿಗೆ, ಗಾರೆ ಹೊತ್ತು ಹೊತ್ತು ಅಲ್ಲಿಯ ಚರ್ಮ ಹಿಮ್ಮಡಿಯ ಹಾಗೆ ಗಟ್ಟಿಯಾಗಿತ್ತು. ತಲೆಗೆ ಎಣ್ಣೆ ಹಚ್ಚುವಾಗ ನನ್ನ ಬೆರಳು ಅಲ್ಲಿಗೆ ಬಂದರೆ, "ಅಲ್ಲಿ ಯಾಕ ಖರ್ಚ ಮಾಡ್ತಿ ಎಣ್ಣಿ? ಅಲ್ಲೇನೂ ಬೆಳಿಯೂದಿಲ್ಲ" ಎಂದು ನಗುತ್ತಿದ್ದಳು.

ಬಿಜಾಪುರದ ಕಡೆಯಿಂದ ದುಡಿಯಲು ದೂರದ ಶಹರದಂಚಿನ ಘಣಸೋಲಿಗೆ ನಮ್ಮ ಮನೆಯವರಲ್ಲಿ ಮೊದಲು ಬಂದವಳು ಅವಳೇ. ಭಾವ ತೀರಿಕೊಂಡ ವರ್ಷ ಒಬ್ಬಳೇ ಬಂದಳು, ತಾನೇ ಗುಡಿಸಲು ಹಾಕಿಕೊಂಡಳು. ನನ್ನ ಮದುವೆಯಾದ ಮೇಲೆ ನನ್ನನ್ನೂ ನನ್ನ ಗಂಡನನ್ನೂ ಕರೆಸಿ ಅದರಲ್ಲೇ ಅರ್ಧ ಜಾಗ ಬಿಟ್ಟುಕೊಟ್ಟಳು. ನಾನು ಓದಿದ್ದು ನಾಲ್ಕನೇ ಇಯತ್ತೆ. ಅವಳದು ಅಷ್ಟೂ ಇಲ್ಲ. ಈಗ ಬರೆಯುತ್ತಿರುವುದನ್ನು ಬಹಳ ಹಿಂದೆ ನಾಲ್ಕು ಜನರ ಮುಂದೆ ಬಾಯಿಬಿಟ್ಟು ಹೇಳಬೇಕಿತ್ತು. ಹೇಳಲಿಲ್ಲ.

ತೊಂಬತ್ತರ ದಶಕದ ನಡುವಿನ ಮಾತು. ನಮ್ಮ ಗಲ್ಲಿಯ ತಿರುವಿನವರೆಗೆ ನೀರಿನ ಪೈಪು ಬಂದು ನಿಂತಿತ್ತು. ಒಂದು ಚುನಾವಣೆಗೆ ಮುಂಚೆ ಅಗೆದರು, ಮತ ಬಿದ್ದ ಮರುದಿನ ನಿಲ್ಲಿಸಿದರು. ಪೈಪಿನ ಬಾಯಿಗೆ ಮರದ ಗೂಟ ಬಡಿದು ಹೋದರು. ನಾವು ಮೊದಲಿನ ಹಾಗೆಯೇ ದೊಡ್ಡ ರಸ್ತೆ ದಾಟಿ, ಒಂದು ಕಾರ್ಖಾನೆಯ ಗೇಟಿನಿಂದ ಕೊಡ ಹೊತ್ತು ತರುತ್ತಿದ್ದೆವು. ಹಗಲೆಲ್ಲ ಇಟ್ಟಿಗೆ ಹೊತ್ತ ಅದೇ ತಲೆಯ ಮೇಲೆ ಅಕ್ಕ ಸಂಜೆ ನೀರು ಹೊರುತ್ತಿದ್ದಳು.

ಪಕ್ಷಗಳು ಎರಡು. ನಮ್ಮ ಗಲ್ಲಿಯಲ್ಲಿ ಅವುಗಳ ಹೆಸರು ಯಾರೂ ಹೇಳುತ್ತಿರಲಿಲ್ಲ. ರಸ್ತೆಗಳು ಕೂಡುವ ನಾಕಾದ ಮೇಲೆ ಕಚೇರಿ ಇದ್ದವರು ನಾಕಾದವರು, ಕೆರೆಯ ಹತ್ತಿರದವರು ತಲಾವದವರು. ನಾಕಾದವರನ್ನು ಕೇಳಿದರೆ, ಮಂಜೂರಿ ತಂದದ್ದು ನಾವು, ತಡೆದದ್ದು ತಲಾವದವರು ಎನ್ನುವರು. ತಲಾವದವರನ್ನು ಕೇಳಿದರೆ ಅದೇ ಮಾತು, ಹೆಸರು ಮಾತ್ರ ಅದಲುಬದಲು. ಇವರ ಹಿಂದೆ ಒಂದು ಸಲ, ಅವರ ಹಿಂದೆ ಒಂದು ಸಲ ತಿರುಗಿ ಅಕ್ಕನಿಗೆ ಬೇಸತ್ತು ಹೋಗಿತ್ತು.

"ಇಷ್ಟ ವರ್ಷ ಜಗಳಾಡ್ತಾರ, ಒಂದ ದಿನಾನೂ ಇವರ ಮನ್ಯಾಗ ನೀರು ನಿಂತಿಲ್ಲ ನೋಡು" ಎನ್ನುತ್ತಿದ್ದಳು. ಇನ್ನೊಂದು ದಿನ ಕೆಲಸದಿಂದ ಬಂದು ಬಾಗಿಲಲ್ಲೇ ಕೂತು ಹೇಳಿದಳು: "ಖಾರಘರದಾಗ ಇವತ್ತ ಎಣಿಸಿ ಬಂದೀನಿ. ನಾ ಇಟ್ಟಂಗಿ ಹೊರೋ ಬಿಲ್ಡಿಂಗಿನ್ಯಾಗ ಒಂದೊಂದ ಮನಿಗೆ ಐದ ನಳ. ಕಕ್ಕಸಿಗೇ ಎರಡು."

ಕಾರ್ಯಕರ್ತರು ಬಂದು "ಬಾಯಿ, ಕಿಸ್ಕೀ ತರಫ್?" ಎಂದು ಕೇಳಿದರೆ ತನ್ನ ಹರಕು ಹಿಂದಿಯಲ್ಲಿ, "ಮೈ ನಳ ಕೀ ತರಫ್" ಎನ್ನುವಳು. ನಾನು ನಳದ ಕಡೆ. ಅವರು ನಕ್ಕು ಹೋಗುವರು. ಆದರೆ ಎರಡೂ ಕಡೆಯವರಿಗೆ ಅವಳ ಮೇಲೆ ಒಂದು ಕಣ್ಣು ಇರುತ್ತಿತ್ತು.

ಆ ಸಲ ಸಂಕ್ರಾಂತಿಯ ಬೆನ್ನಿಗೇ ಚುನಾವಣೆ ಬಂತು. ಅಕ್ಕ ಗಲ್ಲಿಯ ಹೆಂಗಸರನ್ನೆಲ್ಲ ಕೂಡಿಸಿದಳು.

"ಯಾರು ಆ ಗೂಟಾ ಕಿತ್ತು ಪೈಪ ಒಳಗ ತರ್ತಾರ, ಇಡೀ ಗಲ್ಲಿ ವೋಟು ಅವರಿಗೆ. ಇಬ್ಬರೂ ತರಲಿಲ್ಲ, ಇಬ್ಬರಿಗೂ ಇಲ್ಲ. ಅಲ್ಲೀತನಕಾ ಇವರ ಸೀರಿ ಬ್ಯಾಡ, ಭಾಂಡೆ ಬ್ಯಾಡ."

"ಚಹಾ ಆದ್ರೂ ಕುಡೀಬೇಕೋ ಬ್ಯಾಡೋ ಯಕ್ಕಾ?" ಎಂದು ಎದುರು ಮನೆಯವಳು ಕೆಣಕಿದಳು.

"ಕುಡಿ. ಅದರಾಗ ನೀರರೆ ಅವರದ ಇರತೈತಿ."

ಎಲ್ಲರೂ ನಕ್ಕರು, ಒಪ್ಪಿದರು. ಮರುದಿನದಿಂದ ಗೂಟ ಬಡಿದ ಪೈಪಿನ ಬಾಯಿಯಿಂದ ಗಲ್ಲಿಯ ಒಳಗಿನವರೆಗೆ ಖಾಲಿ ಕೊಡಗಳ ಪಾಳಿ ಹಚ್ಚಿದೆವು. ಮನೆಗೊಂದು ಕೊಡ. ಬಂದ ಉಮೇದುವಾರ ಅದನ್ನು ದಾಟಿಕೊಂಡೇ ಬರಬೇಕು. ನಮ್ಮ ಮನೆಯಿಂದ ಎರಡು ಇದ್ದವು, ಅಕ್ಕನದೊಂದು, ನನ್ನದೊಂದು.

ಸಂಕ್ರಾಂತಿಯಿಂದ ರಥಸಪ್ತಮಿಯವರೆಗೆ ಇಲ್ಲಿ ಮುತ್ತೈದೆಯರನ್ನು ಅರಿಷಿಣ ಕುಂಕುಮಕ್ಕೆ ಕರೆದು ಏನಾದರೂ ಸಾಮಾನು ಕೊಡುವ ಪದ್ಧತಿ. ಆ ವರ್ಷ ನಾಕಾದ ಉಮೇದುವಾರನ ಹೆಂಡತಿ ಊರಿಗೆಲ್ಲ ಕರೆಕೊಟ್ಟಳು. ಎಲ್ಲರೂ ಅವಳನ್ನು ವೈನಿ ಎನ್ನುತ್ತಿದ್ದರು. ಮುಚ್ಚಳದ ಸ್ಟೀಲ್ ಡಬ್ಬಿ ಕೊಡುತ್ತಾರೆಂದು ಸುದ್ದಿ. ನಮ್ಮ ಮನೆಯಲ್ಲಿ ಇದ್ದದ್ದೆಲ್ಲ ಜರ್ಮನ್ ಅನ್ನುವ ಅಲ್ಯುಮಿನಿಯಂ ಪಾತ್ರೆ, ಅದೂ ನೆಗ್ಗಿದ್ದು. ಅಕ್ಕ ಕೆಲಸಕ್ಕೆ ಹೋಗಿದ್ದಳು. ನಾನು ಹೋದೆ.

ಒಳಗೆ ಕರೆದು ಗಾದಿಯ ಮೇಲೆ ಕೂಡಿಸಿದರು, ಮೈಮೇಲೆ ಪನ್ನೀರು ಚಿಮುಕಿಸಿದರು. ಘಣಸೋಲಿಗೆ ಬಂದ ಮೇಲೆ ನನಗೆ ಯಾರೂ ಹಾಗೆ 'ಬಾ, ಕೂಡು' ಅಂದಿರಲಿಲ್ಲ. ಡಬ್ಬಿ ಕೊಡುವಾಗ ವೈನಿ ತಾನಾಗಿಯೇ ಕೇಳಿದಳು: "ನಿನ್ನ ಅಕ್ಕ ಬರಲಿಲ್ಲವಾ? ಅವಳದೂ ನೀನೇ ಒಯ್ಯಿ." ಬರಲಾಗದವರ ಪಾಲನ್ನು ಮನೆಯವರ ಕೈಗೆ ಕೊಡುವುದು ಎಲ್ಲ ಕಡೆ ಇದ್ದದ್ದೇ. ಆದರೆ ಅಕ್ಕ ಗಂಡನಿಲ್ಲದವಳು. ಅದು ವೈನಿಗೂ ಗೊತ್ತಿತ್ತು. ಎಂಥ ದೊಡ್ಡ ಮನಸ್ಸು ಎಂದುಕೊಂಡು ನಾನು ಎರಡೂ ತಂದೆ. ಪಕ್ಕದಲ್ಲಿ ಕೂತ ಹುಡುಗಿ ವಹಿಯಲ್ಲಿ ಇಬ್ಬರ ಹೆಸರೂ ಬರೆದುಕೊಂಡಳು. ನಾಲ್ಕು ದಿನ ಬಿಟ್ಟು ತಲಾವದವರೂ ಅಂಥದೇ ಡಬ್ಬಿ ಹಂಚಿದರು, ಅವರ ಮನೆಗೂ ಹೋದೆ. ಅಲ್ಲಿ ಯಾರೂ ಕೇಳಲಿಲ್ಲ. ನಾನೇ ಬಾಯಿಬಿಟ್ಟು, "ಅಕ್ಕಂದೂ ಕೊಡ್ರಿ" ಎಂದೆ. ನಾಲ್ಕು ಡಬ್ಬಿಗಳನ್ನೂ ಚೀಲದಲ್ಲಿ ಸುತ್ತಿ ಮಂಚದ ಕೆಳಗೆ ತಳ್ಳಿದೆ.

ಆ ರವಿವಾರ ಸಂಜೆ ನಾಕಾದ ಉಮೇದುವಾರ ಹೆಂಡತಿಯ ಜೊತೆ ನಮ್ಮ ಗಲ್ಲಿಗೆ ಬಂದ. ಕೊಡಗಳ ಪಾಳಿ ನೋಡಿ ನಿಂತ. ಅಕ್ಕ ಮುಂದೆ ಬಂದು ಮೊದಲು ಗೂಟ ತೆಗೆಸಿ ಎಂದಳು. ಅವನು ಮನೆಗಳನ್ನು ಕಣ್ಣಲ್ಲೇ ಎಣಿಸಿ, ಸೋಮವಾರ ಪ್ಲಂಬರನನ್ನು ಕಳಿಸಲೇ ಎನ್ನುವ ತನಕ ಬಂದಿದ್ದ. ಅಷ್ಟರಲ್ಲಿ ವೈನಿ ಅವನ ತೋಳು ಹಿಡಿದು ತಡೆದಳು, ವಹಿ ತೆಗೆದಳು.

"ಇವಳ ಮಾತು ಕೇಳಿ ನೀವು ಯಾರೂ ಬರಲಿಲ್ಲ. ಇವಳ ಡಬ್ಬಿ ಮಾತ್ರ ಇವಳ ಮನೆ ಸೇರಿದೆ. ಹೆಸರು ನೋಡಿ."

ತಿರುವಿನಲ್ಲಿ ನಿಂತು ನೋಡುತ್ತಿದ್ದ ತಲಾವದ ಕಾರ್ಯಕರ್ತ, "ನಮ್ಮಲ್ಲಿಂದನೂ ಹೋಗ್ಯಾವ" ಎಂದು ನಕ್ಕ. ಎಂದೂ ಒಂದಾಗದ ಎರಡು ಪಕ್ಷ ಅದೊಂದರಲ್ಲಿ ಒಂದಾದವು.

ಅಕ್ಕ ನನ್ನ ಕಡೆ ತಿರುಗಿದಳು. ಒಂದೇ ಸಲ. ನಾನು ಕೆಳಗೆ ನೋಡಿದೆ.

"ಹೌದು" ಎಂದಳು ಅಕ್ಕ. "ನಾನಽ ತರಸೀನಿ."

ಎದುರು ಮನೆಯವಳು, "ಹಣಿ ಬರಿದಾದವರಿಗೂ ಕುಂಕುಮದ ಡಬ್ಬಿ ಬೇಕಾತೇನ ಯಕ್ಕಾ?" ಎಂದು ತನ್ನ ಕೊಡ ಎತ್ತಿಕೊಂಡಳು. ಹಿಂದೆ ಇನ್ನೊಬ್ಬಳು. ಒಂದೊಂದಾಗಿ ಪಾಳಿ ಕರಗಿತು. ಆಗಲಾದರೂ ನಾನು ತಂದದ್ದು ಎನ್ನಬಹುದಿತ್ತು. ನಾನೂ ನನ್ನ ಕೊಡ ಎತ್ತಿಕೊಂಡು ಒಳಗೆ ಹೋದೆ. ಪೈಪಿನ ಮುಂದೆ ಅಕ್ಕನದೊಂದೇ ಉಳಿಯಿತು. ಪ್ಲಂಬರನ ಮಾತು ಮತ್ತೆ ಬರಲಿಲ್ಲ. ಮುಂದೆ ನಾಲ್ಕು ದಿನ ಗಲ್ಲಿಯ ಹೆಂಗಸರು ಎರಡೂ ಕಡೆಗೆ ಹೋಗಿ ತಮ್ಮ ತಮ್ಮ ಪಾಲು ತಂದರು.

ಅವಳು ನನ್ನನ್ನು ಬೈಯಲಿಲ್ಲ. ಒಲೆ ಹಚ್ಚುತ್ತಾ ಇಷ್ಟೇ ಹೇಳಿದಳು: "ಈ ಗಲ್ಲ್ಯಾಗ ನೀ ಇನ್ನ ಭಾಳ ದಿನ ಬಾಳೇ ಮಾಡಬೇಕು. ನನಗೇನು, ಹೊರೂದು ರೂಢಿ ಐತಿ. ತಂದೀದಿ, ಇನ್ನ ಉಪ್ಪು ಖಾರ ಹಾಕಿಡು." ಹಾಕಿಟ್ಟೆ. ಅವಳೆಂದೂ ಆ ಡಬ್ಬಿ ಮುಟ್ಟಲಿಲ್ಲ. ಉಪ್ಪು ಬೇಕಾದರೆ ನನ್ನ ಕಡೆ ಕೈ ಚಾಚುತ್ತಿದ್ದಳು.

ಮತದಾನದ ದಿನ ಮಿಂದು, ಒಗೆದ ಸೀರೆ ಉಟ್ಟು ಹೋದಳು. ಬಂದ ಮೇಲೆ ಯಾರಿಗೆ ಹಾಕಿದೆ ಎಂದು ಕೇಳಿದೆ.

"ಎರಡ ಚಿತ್ರದ ನಡುವ ಒಂದ ಗೆರಿ ಇರತೈತಲ್ಲ, ಅದರ ಮ್ಯಾಲ ಶಿಕ್ಕಾ ಒತ್ತಿ ಬಂದೆ."

"ವೋಟು ಕೆಟ್ಟು ಹೋತಲ್ಲ ಅಕ್ಕಾ."

"ಕೆಡಲಿ. ಎಣಿಸುಮುಂದ ಇಬ್ಬರ ಮಂದೀನೂ ಅದನ್ನ ಕೈಯಾಗ ಹಿಡದು ಒಂದ ಸಲ ನೋಡ್ತಾರಲ್ಲ. ಇವಳ್ಯಾರೋ ಯಾರಿಗೂ ಕೊಟ್ಟಿಲ್ಲ ಅಂತ."

ಯಾರು ಗೆದ್ದರೆಂದು ಬರೆಯುವುದಿಲ್ಲ. ಬರೆದರೂ ಗೂಟ ಅಲ್ಲೇ ಇತ್ತು.

ದಶಕ ಮುಗಿಯುವ ಮೊದಲೇ ಒಂದು ಮಳೆಗಾಲದಲ್ಲಿ ಕಾಮಾಲೆಯಾಗಿ ಅಕ್ಕ ಹೋದಳು. ಹದಿನೈದು ದಿನದ ಜಡ್ಡು. ದುಃಖ ಕೇಳಲು ಗಲ್ಲಿಯವರೆಲ್ಲ ಬಂದಿದ್ದರು. ಎದುರು ಮನೆಯವಳು ಕಣ್ಣೊರೆಸಿಕೊಂಡು, "ಬಂಗಾರದಂಥ ಹೆಣ್ಣಮಗಳು. ಆ ಡಬ್ಬಿ ಮುಂದ ಅಷ್ಟ ಸೋತಳು" ಎಂದಳು. ನಾನು ಅವರಿಗೆಲ್ಲ ಚಹಾ ಕಾಸುತ್ತಿದ್ದೆ. ಸಕ್ಕರೆ ತೆಗೆಯುತ್ತಿದ್ದುದು ಆ ನಾಲ್ಕರಲ್ಲೇ ಒಂದು ಡಬ್ಬಿಯಿಂದ. ಇನ್ನೊಂದು ಚಮಚ ಹಾಕಿ ಮುಚ್ಚಳ ಒತ್ತಿದೆ.

ಅದರ ಮುಂದಿನ ಚುನಾವಣೆಗೆ ನಳ ಬಂತು. ನಾವು ತಂದದ್ದು ಎಂದು ಒಂದು ಫಲಕ, ನಾವೇ ತಂದದ್ದು ಎಂದು ಪಕ್ಕದಲ್ಲೇ ಇನ್ನೊಂದು. ಎರಡರ ನಡುವೆ ನಿಂತು ದಿನಾ ಕೊಡ ತುಂಬುತ್ತೇನೆ. ಎದುರು ಮನೆಯವಳೂ ತುಂಬುತ್ತಾಳೆ. ಅವಳಿಗೆ ಓದಲು ಬರುವುದಿಲ್ಲ, ಇದನ್ನು ಮಗಳಿಂದ ಓದಿಸಿಕೊಳ್ಳಲಿ. ಆ ನಾಲ್ಕೂ ಡಬ್ಬಿ ತಂದವಳು ನಾನು. ಅಕ್ಕ ತರಿಸಿರಲಿಲ್ಲ. ಅವಳು ನಾಕಾದ ಕಡೆಯವಳಲ್ಲ, ತಲಾವದ ಕಡೆಯವಳಲ್ಲ. ನಳದ ಕಡೆಯವಳು.