ಹುಲಿಗೆಮ್ಮನ ಎರಡು ಕ್ಯಾಮೆರಾ

ಹುಲಿಗೆಮ್ಮ ಅರವತ್ತೊಂದನೆಯ ವಯಸ್ಸಿನಲ್ಲಿ ಕ್ಯಾಮೆರಾ ಹಿಡಿದಳು. ಅದೂ ಒಂದಲ್ಲ, ಎರಡು. ಎರಡನೆಯ ಕ್ಲಾಸಿಗೇ ಸ್ಲೇಟು ಕೆಳಗಿಟ್ಟವಳು. ಅಂಕಿ ಬರುತ್ತದೆ, ಬಸ್ಸಿನ ಬೋರ್ಡು ಓದುತ್ತಾಳೆ, ಅಷ್ಟೇ. ಅಂಥವಳ ಕೈಗೆ ಕ್ಯಾಮೆರಾ ಬಂದದ್ದು ಒಂಟಿಯಾಗಿ ಉಳಿದ ಒಂದು ಎತ್ತಿನ ದೆಸೆಯಿಂದ.

ಎತ್ತಿನ ಹೆಸರು ಬೂದ. ಮೈಯೆಲ್ಲ ಬೂದಿ ಬಣ್ಣ, ಹಿಂದಕ್ಕೆ ಬಾಗಿದ ನೀಳ ಕೊಂಬು. ಅದರ ಜೋಡಿ ಮುತ್ತ ಅಂತ ಇತ್ತು. ಸುಗ್ಗಿಯಲ್ಲಿ ಮುತ್ತನ ಹಗ್ಗಕ್ಕೆ ಕಾಲು ಸಿಕ್ಕಿಕೊಂಡು ಬಿದ್ದ ಹುಲಿಗೆಮ್ಮನ ಗಂಡ ಸಣ್ಣಬೀರಪ್ಪ ಸೊಂಟದ ಮೂಳೆ ಮುರಿದುಕೊಂಡು ಮಂಚ ಹಿಡಿದ. ಅವನು ಆಸ್ಪತ್ರೆಯಿಂದ ಬಂದ ತಿಂಗಳಿಗೆ ಮುತ್ತ ಹೊಟ್ಟೆಯುಬ್ಬರ ಬಂದು ಒಂದೇ ದಿನದಲ್ಲಿ ಹೋಯಿತು. ಅಂದಿನಿಂದ ಬೂದ ಹುಲ್ಲಿಗೆ ಬಾಯಿ ಹಾಕಿದರೆ ಹಾಕಿತು, ಇಲ್ಲದಿದ್ದರೆ ಇಲ್ಲ.

ಸಣ್ಣಬೀರಪ್ಪನಿಗೆ ಇದ್ದ ವಿದ್ಯೆ ಒಂದೇ, ಎತ್ತು ನೋಡುವುದು. ಸುಳಿ ನೋಡುವುದರಲ್ಲಂತೂ ಅವನದು ದೊಡ್ಡ ಹೆಸರು. ದನದ ಮೈಮೇಲೆ ಕೂದಲು ಸುತ್ತಿಕೊಂಡು ನಿಂತಿರುತ್ತದಲ್ಲ, ಆ ಗುರುತೇ ಸುಳಿ. ಅದು ಹಣೆಯ ನಡುವೆ ಇದ್ದರೆ ಒಂದು ಫಲ, ಬೆನ್ನ ಮೇಲಿದ್ದರೆ ಇನ್ನೊಂದು. ಎತ್ತು ಕೊಳ್ಳುವ ಮುಂಚೆ ತರೀಕೆರೆ ಕಡೆಯಿಂದ, ಕಡೂರಿನಾಚೆಯಿಂದ ಜನ ಬಂದು ಅವನನ್ನು ಬಸ್ಸು ಹತ್ತಿಸಿಕೊಂಡು ಹೋಗುತ್ತಿದ್ದರು. ಈಗ ಅದೇ ಮನುಷ್ಯನಿಗೆ ಅಂಗಳದ ಮಂಚವೇ ಊರು, ತಲೆದಿಂಬಿನ ಪಕ್ಕದ ರೇಡಿಯೋವೇ ನೆಂಟ.

ಮಗ ಶಶಿ ಕೆಟ್ಟವನಲ್ಲ. ಟಿಲ್ಲರ್ ಇಟ್ಟಿದ್ದಾನೆ, ತನ್ನ ಹೊಲ ಉಳುವುದಲ್ಲದೆ ನಾಲ್ಕು ಜನರ ಹೊಲವನ್ನೂ ಉಳುತ್ತಾನೆ. ಒಂಟಿ ಎತ್ತನ್ನು ಇಟ್ಟುಕೊಂಡು ಏನು ಮಾಡುವುದು ಅನ್ನುವುದು ಅವನ ಪ್ರಶ್ನೆ. ಜೋಡಿ ಸಿಕ್ಕರೆ ಇರಲಿ, ಸಿಗದಿದ್ದರೆ ಬರುವ ಮಂಗಳವಾರ ದಲ್ಲಾಳಿ ಗಾಡಿ ತರುತ್ತಾನೆ, ಕೊಟ್ಟುಬಿಡೋಣ ಅಂದಿದ್ದ. ದಲ್ಲಾಳಿಯ ಗಾಡಿ ಹತ್ತಿದ ಒಂಟಿ ಎತ್ತು ಎಲ್ಲಿಗೆ ಹೋಗುತ್ತದೆ ಅಂತ ಮೂವರಿಗೂ ಗೊತ್ತಿತ್ತು.

ಒಂದು ಸಲ ಜೋಡಿ ಸಿಕ್ಕಿತ್ತು ಕೂಡ. ಶಶಿಯ ಫೋನಿಗೆ ಯಾರೋ ಪಟ ಕಳಿಸಿದ್ದರು. ನೊಗಕ್ಕೆ ಕಟ್ಟಿದ ಎರಡು ಎತ್ತು, ಮುಂದೆ ಅವುಗಳ ಯಜಮಾನನ ನಗುಮುಖ. ಬೂದ ಎಡಗೋಲಿನ ಎತ್ತು, ನೊಗದ ಎಡಗಡೆಗೇ ಪಳಗಿದ್ದು. ಅದಕ್ಕೆ ಬೇಕಾದದ್ದು ಬಲಗೋಲಿನದು. ಪಟದಲ್ಲಿ ನೊಗದ ಬಲಗಡೆ ಕಂಡ ಎತ್ತನ್ನು ಸಣ್ಣಬೀರಪ್ಪ ಒಪ್ಪಿದ, ಎತ್ತು ಮನೆಗೆ ಬಂತು. ನೊಗ ಹೂಡಿದರೆ ಎರಡೂ ಎಡಕ್ಕೇ ನುಗ್ಗಿ ಒಂದನ್ನೊಂದು ತಳ್ಳಾಡುತ್ತ ಹೊಲದ ನಡುವೆ ಬುಗುರಿಯ ಹಾಗೆ ಸುತ್ತಿದವು. ನೋಡುತ್ತಿದ್ದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಎತ್ತು ವಾಪಸ್ಸು ಹೋದ ಮೇಲೆ ಹುಲಿಗೆಮ್ಮ ಆ ಪಟವನ್ನು ಮತ್ತೆ ತೆಗೆಸಿ ನೋಡಿದಳು. ಎತ್ತಿನ ಕಿವಿಯ ಹಳದಿ ಬಿಲ್ಲೆಯ ಅಂಕಿಗಳೆಲ್ಲ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿ ನಿಂತಿದ್ದವು. ಯಜಮಾನ ತನ್ನ ಮುಖವೂ ಬರಲಿ ಅಂತ ಫೋನನ್ನು ತನ್ನ ಕಡೆ ತಿರುಗಿಸಿ ತೆಗೆದಿದ್ದ, ಅದು ಎಡವನ್ನು ಬಲ ಮಾಡಿತ್ತು. ಗಂಡ ಸುಳಿ ಓದಬಲ್ಲವನು, ಅಂಕಿ ಓದಲಾರ. ಅವಳು ಅಂಕಿ ಓದಬಲ್ಲವಳು, ಅವತ್ತು ಪಟ ನೋಡಿರಲಿಲ್ಲ.

“ಫೋನಿನ ಸವಾಸ ಸಾಕು ಕಣೇ ಹುಲಿಗಿ, ನೀನೇ ಹೋಗ್ ನೋಡ್ಕಂಡ್ ಬಾ” ಅಂದ ಸಣ್ಣಬೀರಪ್ಪ.

ನೋಡಿ ಬರುವುದೇನೋ ಸರಿ, ನೋಡಿದ್ದನ್ನು ಅವನಿಗೆ ತೋರಿಸುವುದು ಹೇಗೆ? ಅವಳದು ಬಟನ್ ಫೋನು. ಆ ವಾರ ಕಡೂರಿನ ಆಸ್ಪತ್ರೆಗೆ ಔಷಧಿ ತರಲು ಹೋದವಳು, ಸ್ಟೇಷನ್ ರಸ್ತೆಯ ಮೋಹನನ ಸ್ಟುಡಿಯೋಗೆ ನುಗ್ಗಿ ಕಥೆಯೆಲ್ಲ ಹೇಳಿದಳು. ಮೋಹನ ಅವಳ ಮಗಳು ಭುವನಾಳ ಮದುವೆಯ ಪಟ ತೆಗೆದವನು. ಅವನು ಬೀರು ತೆಗೆದು ಅಂಗೈಯಗಲದ ಎರಡು ಹಳೆಯ ಡಿಜಿಟಲ್ ಕ್ಯಾಮೆರಾ ಮೇಜಿನ ಮೇಲಿಟ್ಟ. ಒಂದು ಬೆಳ್ಳಿ ಬಣ್ಣದ್ದು, ಒಂದು ಕರಿಯದು. ವಾರದ ಮಟ್ಟಿಗೆ ಎರಡನ್ನೂ ಒಯ್ಯಿ, ಒಪ್ಪಿದ್ದು ಇಟ್ಟುಕೊಂಡು ಇನ್ನೊಂದು ತಂದುಕೊಡಿ, ನನಗೆ ಒಂದು ಸೇರು ತುಪ್ಪ ಸಾಕು ಅಂದ. ಎಲ್ಲಿ ಒತ್ತಬೇಕು, ಎಲ್ಲಿ ಒತ್ತಬಾರದು ಅಂತ ಎರಡು ಸಲ ಹೇಳಿಕೊಟ್ಟ. ಹುಲಿಗೆಮ್ಮನಿಗೆ ಎರಡು ಸಲ ಕೇಳಿದ್ದು ಮರೆಯುವುದಿಲ್ಲ.

ಮಾರನೆಯ ಬೆಳಿಗ್ಗೆ ಅಂಗಳದಲ್ಲಿ ಪರೀಕ್ಷೆ. ಸಣ್ಣಬೀರಪ್ಪ ಎರಡನ್ನೂ ಒಂದೊಂದು ಕೈಯಲ್ಲಿ ತೂಗಿ, ಬೆನ್ನು ಸವರಿ, ಕಣ್ಣು ನೋಡಿ, ಕರುವಿಗೆ ಮಾಡುವುದನ್ನೆಲ್ಲ ಮಾಡಿದ. ಬಾಯಿ ಬಿಡಿಸಿ ಹಲ್ಲು ಎಣಿಸುವುದೊಂದು ಬಾಕಿ ಅಂತ ಹುಲಿಗೆಮ್ಮ ಅಂದಳು. ಬೆಳ್ಳಿಯದು ಹಗುರ, ಒತ್ತಿದ ಕೂಡಲೇ ಬಸವನಹುಳುವಿನ ಹಾಗೆ ಮೂತಿ ಚಾಚುತ್ತದೆ, ದೂರದ್ದನ್ನು ಹತ್ತಿರ ಎಳೆಯುತ್ತದೆ. ಆದರೆ ಅದರ ಚಾರ್ಜರ್ ಬೇರೆ, ಕರೆಂಟು ಇದ್ದರೆ ಮಾತ್ರ ಅದರ ಹೊಟ್ಟೆ ತುಂಬುವುದು. ಕರಿಯದು ಭಾರ, ಏಳುವುದಕ್ಕೇ ಆಕಳಿಸುತ್ತದೆ, ಪಟ ತೆಗೆಯುವಾಗ ಉಸಿರು ಹಿಡಿದು ನಿಲ್ಲದಿದ್ದರೆ ಎಲ್ಲ ಮಸಕು. ಅದಕ್ಕೆ ಬೇಕಾದದ್ದು ಎರಡು ಪೆನ್ ಸೆಲ್ಲು. ಯಾವ ಗೂಡಂಗಡಿಯಲ್ಲೂ ಸಿಗುತ್ತವೆ, ಆದರೆ ಅಷ್ಟೇ ಬೇಗ ನುಂಗಿಬಿಡುತ್ತದೆ.

ಎರಡರಲ್ಲೂ ಬೂದನ ಪಟ ತೆಗೆದಳು. ಬೆಳ್ಳಿಯದರಲ್ಲಿ ಬೂದ ಈಗತಾನೆ ಕೆರೆಯಲ್ಲಿ ಮೈ ತೊಳೆಸಿಕೊಂಡು ಬಂದ ಮದುಮಗ. ಒಣಹುಲ್ಲೂ ಹಸಿರಾಗಿ ಕಂಡಿತು. ಕರಿಯದರಲ್ಲಿ ಬೂದ ಬೂದನೇ. ಕತ್ತಿನ ನೊಗದ ಕಲೆ, ಹಣೆಯ ಸುಳಿ, ಒಂದೊಂದು ಕೂದಲೂ ಎಣಿಸಬಹುದು. ಬೆಳ್ಳಿಯದನ್ನು ಮದುವೆಗಳಿಗೆ ಒಯ್ಯುತ್ತಿದ್ದ ಕಾಲದಲ್ಲಿ ಮುಖ ನುಣ್ಣಗೆ ಕಾಣಲಿ ಅಂತ ಅದಕ್ಕೆ ಏನೋ ಹೊಂದಿಸಿಟ್ಟಿದ್ದೇನೆ, ಅದನ್ನು ತೆಗೆಯುವುದು ಹೇಗೆ ಅಂತ ನನಗೂ ಮರೆತುಹೋಗಿದೆ ಅಂತ ಮೋಹನ ಮೊದಲೇ ಹೇಳಿದ್ದ.

ಸಣ್ಣಬೀರಪ್ಪ ಬಹಳ ಹೊತ್ತು ನೋಡಿ ತೀರ್ಪು ಕೊಟ್ಟ: “ಬಿಳೀದು ಹೆಣ್ಣು ತೋರ್ಸೋ ದಲ್ಲಾಳಿ ಕಣೇ. ಕರೀದು ಹೆಣ್ಣಿನ ಸೋದರಮಾವ, ಇದ್ದದ್ ಇದ್ದಂಗೆ ಹೇಳ್ತಾನೆ. ನೀನು ಎರಡ್ನೂ ತಗಂಡ್ ಹೋಗು, ನಾನು ಮಾತ್ರ ಮಾವನ್ನೇ ಕೇಳ್ತೀನಿ.”

ಒಂದು ವಿಷಯ ಹುಲಿಗೆಮ್ಮನಿಗೆ ಬೇಸರವಾಯಿತು. ಬೂದನನ್ನು ಎಷ್ಟು ಸಲ ತೆಗೆದರೂ ಎತ್ತು ಪಟದ ಒಂದು ಮಗ್ಗುಲಿಗೇ ಬರುತ್ತಿತ್ತು, ಇನ್ನರ್ಧ ಬರೀ ಖಾಲಿ ಕೊಟ್ಟಿಗೆ. ತನ್ನ ಕೈ ಇನ್ನೂ ಪಳಗಿಲ್ಲ ಅಂತ ಗಂಡನ ಹತ್ತಿರ ಹೇಳಿಕೊಂಡಳು.

ಆಮೇಲೆ ನಾಲ್ಕು ದಿನ ಸೆರಗಿನಲ್ಲಿ ಎರಡು ಕ್ಯಾಮೆರಾ ಕಟ್ಟಿಕೊಂಡು ಬಸ್ಸು ಹತ್ತಿದಳು. ತರೀಕೆರೆ ಕಡೆಯ ಒಂದು ಎತ್ತಿಗೆ ವಯಸ್ಸಾಗಿತ್ತು, ಕಡೂರಿನ ಹತ್ತಿರದ ಇನ್ನೊಂದು ಒದೆಯುತ್ತಿತ್ತು. ಸಿಕ್ಕದ ಎತ್ತಿನ ಜೊತೆಗೆ ಬೇರೆಯದೂ ಪಟವಾಗಿ ಮನೆಗೆ ಬಂತು. ಬಸ್ಸಿನ ಕಿಟಕಿಯಿಂದ ಕಂಡ ರಾಗಿ ಹೊಲ, ರೈಲು ಗೇಟಿನಲ್ಲಿ ಕಾಯುತ್ತಿದ್ದ ಕುರಿಮಂದೆ, ಗಂಡನ ಹಳೆಯ ಗೆಳೆಯನ ಮನೆಯ ಹೊಸ ಗೋಡೆ, ಸಂತೆಯಲ್ಲಿ ಕೊಡಲಿ ಹಿಡಿಗೆ ಜಗಳವಾಡುತ್ತಿದ್ದ ಇಬ್ಬರು ಮುದುಕರು. ಜನ ತಮ್ಮ ಪಟ ಕೇಳಿದರೆ ಬೆಳ್ಳಿಯದು, ಗಂಡನಿಗೆ ತೋರಿಸುವುದಕ್ಕೆ ಕರಿಯದು. ಸಂಜೆ ಮಂಚದ ಅಂಚಿನಲ್ಲಿ ಕೂತು ಒಂದೊಂದೇ ತೋರಿಸುವಳು. ಅವನು ರೇಡಿಯೋ ಆರಿಸಿ ನೋಡುವನು. ಗೋಡೆಗೆ ಸುಣ್ಣ ಸರಿಯಾಗಿ ಬಿದ್ದಿಲ್ಲ ಅನ್ನುವನು.

ಭಾನುವಾರ ಅಂತರಘಟ್ಟೆಯ ದಾರಿಯ ಒಂದು ಹಳ್ಳಿಯಲ್ಲಿ ಪುಟ್ಟಯ್ಯ ಅನ್ನುವವನ ಮನೆಯ ಎತ್ತು ನೋಡಿದಳು. ಹೆಂಡತಿ ತೀರಿಕೊಂಡ ಒಂಟಿ ಮನುಷ್ಯ, ಅವನ ಎತ್ತೂ ಒಂಟಿ. ಎತ್ತಿನ ಹೆಸರು ಕಾಡಿಗೆ. ವಯಸ್ಸು, ಎತ್ತರ, ಕೊಂಬು, ಎಲ್ಲ ಬೂದನಿಗೆ ಸಮ, ಬಲಗೋಲಿನದು ಬೇರೆ. ಕಿವಿಯ ಬಿಲ್ಲೆಯ ಅಂಕಿಯನ್ನು ಒಂದೊಂದಾಗಿ ಓದಿ ಪಟದ ಅಂಕಿಗೆ ತಾಳೆ ನೋಡಿದಳು. ನೆಟ್ಟಗಿತ್ತು. ಬೆಳ್ಳಿಯದರಲ್ಲಿ ಮುಖದ ಪಟ ತೆಗೆದು ಪುಟ್ಟಯ್ಯನಿಗೂ ತೋರಿಸಿದಳು. ಆಮೇಲೆ ಕರಿಯದನ್ನು ಹತ್ತಿರ ಹಿಡಿದು, ಹತ್ತಿರದ್ದನ್ನು ನಿಚ್ಚಳವಾಗಿ ತೋರಿಸುವ ಹೂವಿನ ಗುರುತು ಒತ್ತಿ, ಅದರಲ್ಲೂ ಮುಖದ ಪಟ ತೆಗೆದಳು. ಅದನ್ನು ನೋಡುತ್ತ ನಿಂತಿದ್ದ ಪುಟ್ಟಯ್ಯನ ಮುಖ ಬಾಡಿತು. ಎಡಗಣ್ಣಿನ ಕೆಳಗೆ ವಿಭೂತಿ ಮೆತ್ತಿದ್ದ ಜಾಗದಲ್ಲಿ, ವಿಭೂತಿಯ ಅಡಿಯಿಂದ ಒಂದು ಸುಳಿ ಕಾಣುತ್ತಿತ್ತು. ಕಣ್ಣೀರು ಸುಳಿ. ಅದಿದ್ದ ಎತ್ತು ಬಂದ ಮನೆಯಲ್ಲಿ ಕಣ್ಣೀರು ತಪ್ಪುವುದಿಲ್ಲ ಅನ್ನುತ್ತಾರೆ.

ಪುಟ್ಟಯ್ಯ ತಲೆ ತಗ್ಗಿಸಿ, ಈ ಸುಳಿ ಕಂಡವರೆಲ್ಲ ಬೆನ್ನು ತಿರುಗಿಸಿ ಹೋದರು ಅಂದ. ಮಾರುವ ಮನಸ್ಸು ಅವನಿಗೂ ಇರಲಿಲ್ಲ. ಜೋಡಿ ಸಿಕ್ಕರೆ ಹದಿನೈದು ದಿನ ಆ ಊರು, ಹದಿನೈದು ದಿನ ಈ ಊರು, ಕೂಡಿ ಉಳೋಣ ಅಂತಿದ್ದ. ಅವಳು ಹೊರಡುವಾಗ ಬೇಲಿಯವರೆಗೆ ಬಂದ.

“ತಾಯೀ, ಬಿಳೀ ಕ್ಯಾಮೆರಾದಾಗೆ ಇರೋದನ್ನ ತೋರ್ಸಿ. ಕರೀದು ಬ್ಯಾಡ.”

ಬಸ್ಸಿನಲ್ಲಿ ಕೂತು ಬೆಳ್ಳಿಯದನ್ನು ನೋಡಿದಳು. ಅದರಲ್ಲಿ ಕಾಡಿಗೆಯ ಮುಖ ಒರೆಸಿಟ್ಟ ಹಿತ್ತಾಳೆ ತಟ್ಟೆಯ ಹಾಗೆ ನುಣ್ಣಗಿತ್ತು, ಸುಳಿಯ ಸುಳಿವೂ ಇರಲಿಲ್ಲ. ಕರಿಯದರಲ್ಲಿ ಕಸದ ಬುಟ್ಟಿಯ ಗುರುತಿದೆ, ಒತ್ತಿದರೆ ಪಟ ಅಳಿಸಿಹೋಗುತ್ತದೆ ಅಂತ ಮೋಹನ ಹೇಳಿದ್ದು ನೆನಪಿತ್ತು. ಮಂಗಳವಾರಕ್ಕೆ ಉಳಿದದ್ದು ಒಂದೇ ದಿನ. ಹೆಬ್ಬೆರಳು ಆ ಗುರುತಿನ ಮೇಲೆ ಎರಡು ಸ್ಟಾಪು ಕೂತಿತು. ಮೂರನೆಯ ಸ್ಟಾಪಿನಲ್ಲಿ ಕ್ಯಾಮೆರಾವನ್ನು ಹಾಗೇ ಸೆರಗಿಗೆ ಕಟ್ಟಿದಳು.

ಮನೆಗೆ ಬಂದು ಬೆಳ್ಳಿಯದನ್ನು ತೋರಿಸಿದಳು. ಸಣ್ಣಬೀರಪ್ಪ ಮೊಣಕೈ ಊರಿ ಎದ್ದು ಕೂತ. ಎಲ್ಲಿತ್ತು ಇದು, ಇಷ್ಟು ದಿನ ಯಾರ ಕಣ್ಣಿಗೂ ಬೀಳದೆ ಹೇಗಿತ್ತು ಅಂತ ಕೇಳಿದ. ಎಷ್ಟೋ ತಿಂಗಳ ಮೇಲೆ ಅವನ ದನಿಯಲ್ಲಿ ಮೊದಲಿನ ಕಸುವಿತ್ತು. ಆಮೇಲೆ ಕೈ ಚಾಚಿದ.

“ಎಲ್ಲಿ, ಮಾವನ್ನ ಕೊಡು.”

“ಅದರ ಸೆಲ್ಲು ಹೋಗ್ಬಿಟ್ಟೈತೆ” ಅಂದಳು ಹುಲಿಗೆಮ್ಮ.

ನಲವತ್ತು ವರ್ಷದ ಸಂಸಾರದಲ್ಲಿ ಅವಳು ಅವನಿಗೆ ಸುಳ್ಳು ಹೇಳಿದ್ದು ಕಡಿಮೆ. ಹೇಳುವಾಗ ಎಲ್ಲಿ ನೋಡಬೇಕು ಅನ್ನುವುದೂ ಅವಳಿಗೆ ಗೊತ್ತಿರಲಿಲ್ಲ. ಬೂದನ ಕಡೆ ನೋಡಿದಳು.

ಸಣ್ಣಬೀರಪ್ಪ ತಲೆದಿಂಬಿನ ಪಕ್ಕದ ರೇಡಿಯೋ ಎತ್ತಿಕೊಂಡ. ಅದರಲ್ಲಿ ಯಾರೋ ತೆಂಗಿನ ನುಸಿರೋಗದ ಬಗ್ಗೆ ಹೇಳುತ್ತಿದ್ದರು. ಬೆನ್ನಿನ ಮುಚ್ಚಳ ತೆಗೆದ, ಮಾತು ಅರ್ಧಕ್ಕೆ ನಿಂತಿತು. ಎರಡು ಸೆಲ್ಲುಗಳನ್ನು ಅಂಗೈಯಲ್ಲಿಟ್ಟು ಅವಳ ಮುಂದೆ ಹಿಡಿದ.

ಹುಲಿಗೆಮ್ಮ ಸೆರಗಿನ ಗಂಟು ಬಿಚ್ಚಿದಳು. ಚೆನ್ನಾಗಿದ್ದ ಸೆಲ್ಲು ತೆಗೆದು, ರೇಡಿಯೋದ ಹಳೆಯ ಸೆಲ್ಲು ಹಾಕಿದಳು. ಕ್ಯಾಮೆರಾ ಕೆಂಪು ಗುರುತು ಮಿಟುಕಿಸುತ್ತಲೇ ಎದ್ದಿತು. ಕಾಡಿಗೆಯ ಮುಖ ತೋರಿಸಿ, ಗಂಡನ ಮುಖ ನೋಡಲಾರದೆ ಅವನ ಬೆರಳನ್ನೇ ನೋಡುತ್ತ ಕೂತಳು. ಬೆರಳು ಎಡಗಣ್ಣಿನ ಕೆಳಗೆ ಬಂದು ನಿಂತಿತು.

“ಅದ್ಕೇ ಸೆಲ್ಲು ಹೋಗಿದ್ದು” ಅಂದ. ಬೈಗುಳವಿರಲಿಲ್ಲ, ಸ್ವಲ್ಪ ನಗುವೇ ಇತ್ತು.

ಆಮೇಲೆ ಹಿಂದಿನ ಪಟಕ್ಕೆ ಹೋದ. ಅದು ಕಾಡಿಗೆ ಕೊಟ್ಟಿಗೆಯಲ್ಲಿ ಈಚೆ ಮುಖ ಮಾಡಿ ನಿಂತದ್ದು. ಅದನ್ನು ಬಹಳ ಹೊತ್ತು ನೋಡಿ, ಬೆಳ್ಳಿಯದರಲ್ಲಿ ಬೂದನ ಪಟ ಹಾಕಿಕೊಡು ಅಂದ. ಎದುರು ಮುಖ ಮಾಡಿ ನಿಂತ ಎತ್ತಿನ ಬಲ ನೋಡುವವರಿಗೆ ಎಡ, ಹಾಗಾಗಿ ಕಾಡಿಗೆ ಇದ್ದ ಕ್ಯಾಮೆರಾ ಎಡಗಡೆ, ಬೂದ ಇದ್ದದ್ದು ಬಲಗಡೆ, ಎರಡನ್ನೂ ಮಗ್ಗುಲು ಕೂಡಿಸಿ ಕಂಬಳಿಯ ಮೇಲಿಟ್ಟ. ಕಾಡಿಗೆಯೂ ಪಟದ ಒಂದು ಮಗ್ಗುಲಿಗೇ ನಿಂತಿತ್ತು, ಅದರ ಆಚೆಗೂ ಅರ್ಧ ಕೊಟ್ಟಿಗೆ ಖಾಲಿ. ಆ ಖಾಲಿ, ಈ ಖಾಲಿ ನಡುವೆ ಬಂದು ಕೂಡಿಕೊಂಡವು.

“ನಿನ್ ಕೈ ಸರಿಯಾಗೇ ಐತೆ ಕಣೇ. ಜಾಗ ಬಿಟ್ಟು ನಿಂತವೆ ನೋಡು, ಎರಡೂ” ಅಂದ. “ಮುತ್ತನ್ ಮೈಮೇಲೆ ಒಂದ್ ಸುಳಿ ಕೆಟ್ಟದ್ದಿತ್ತಾ? ಅದರ ಹಿಂದೆ ಹೋಗಿ ನಾನು ಸೊಂಟ ಮುರ್ಕಂಡೆ. ಆ ಕಾಡಿಗೆಯ ಕಣ್ಣೀರು ಯಾರ ಮನೇದೂ ಅಲ್ಲ, ಅದರದ್ದೇ. ಪುಟ್ಟಯ್ಯಂಗೆ ಬರಾಕೇಳು. ವಿಭೂತಿ ಮೆತ್ಕಂಡ್ ಬರೋದು ಬ್ಯಾಡ ಅನ್ನು.”

ಕ್ಯಾಮೆರಾ ಅಷ್ಟರಲ್ಲಿ ಆರಿಹೋಯಿತು.

ಸೋಮವಾರ ಮಧ್ಯಾಹ್ನ ಪುಟ್ಟಯ್ಯ ಮುಖ ತೊಳೆಸಿದ ಎತ್ತನ್ನು ಹಿಡಿದುಕೊಂಡು ನಡೆದೇ ಬಂದ. ಶಶಿ ಟಿಲ್ಲರ್ ನಿಲ್ಲಿಸಿ ನೋಡುತ್ತ ನಿಂತ. ಯಾರೂ ಎಳೆಯಲಿಲ್ಲ, ತಳ್ಳಲಿಲ್ಲ. ಕಾಡಿಗೆ ಕೊಟ್ಟಿಗೆಯ ಬಾಗಿಲಲ್ಲಿ ಒಂದು ಗಳಿಗೆ ನಿಂತು, ಒಳಗೆ ಹೋಗಿ ಬೂದನ ಬಲಮಗ್ಗುಲಿನ ಖಾಲಿ ಜಾಗದಲ್ಲಿ ನಿಂತುಕೊಂಡಿತು. ಬೂದ ಅದರ ಕತ್ತು ಮೂಸಿ ಹುಲ್ಲಿಗೆ ಬಾಯಿ ಹಾಕಿತು. ಶಶಿ ಫೋನು ತೆಗೆದು ದಲ್ಲಾಳಿಗೆ ನಾಳೆ ಬರಬೇಡ ಅಂದ.

ಮುಂದಿನ ಸಲ ಕಡೂರಿಗೆ ಹೋದಾಗ ಹುಲಿಗೆಮ್ಮ ತುಪ್ಪದ ಜೊತೆಗೆ ಬೆಳ್ಳಿಯದನ್ನು ವಾಪಸ್ಸು ಕೊಟ್ಟಳು. ಎಲ್ಲರೂ ಕೇಳುವುದು ಇದನ್ನೇ, ಇದರಲ್ಲೇನು ಐಬು ಕಂಡಿರಿ ಅಂತ ಮೋಹನ ಕೇಳಿದ. ಐಬೇನಿಲ್ಲ, ಪಾಪ, ಎಲ್ಲರನ್ನೂ ಚೆಂದ ಮಾಡಬೇಕು ಅನ್ನುತ್ತದೆ ಅಂದಳು. ಬೂದನ ಆ ಒಂದು ಪಟವನ್ನು ಮಾತ್ರ ಅದರಿಂದ ತೆಗೆಸಿ ಕಾಗದದ ಮೇಲೆ ಹಾಕಿಸಿಕೊಂಡಳು.

ಕರಿಯದು ಈಗಲೂ ಅವಳ ಸೆರಗಿನಲ್ಲಿದೆ. ಅದಕ್ಕೂ ರೇಡಿಯೋಗೂ ಸೇರಿ ಮನೆಯಲ್ಲಿರುವುದು ಎರಡೇ ಸೆಲ್ಲು. ಇನ್ನೊಂದು ಜೊತೆ ತರುತ್ತೇನೆ ಅಂತ ಶಶಿ ಎಷ್ಟೋ ಸಲ ಹೇಳಿದ್ದಾನೆ, ಅಪ್ಪನೇ ಬೇಡ ಅನ್ನುತ್ತಾನೆ. ಅವಳು ಬಸ್ಸಿಗೆ ಹೊರಟ ದಿನ ರೇಡಿಯೋದ ಬೆನ್ನು ಬಿಚ್ಚಿ ತಾನೇ ತೆಗೆದುಕೊಡುತ್ತಾನೆ. ದಿನವಿಡೀ ರೇಡಿಯೋ ಸುಮ್ಮನಿರುತ್ತದೆ, ಅವನು ದಾರಿ ನೋಡುತ್ತಿರುತ್ತಾನೆ. ಸಂಜೆ ಅವಳು ಬಂದು ಕಾಲು ತೊಳೆದು ಮಂಚದ ಅಂಚಿನಲ್ಲಿ ಕೂತರೆ ಮೊದಲು ಪಟ, ಆಮೇಲೆ ವಾರ್ತೆ.